ಬೆಂಗಳೂರಲ್ಲಿ ಅಕ್ಷರದ ಜಾಡು ಹಿಡಿದು

ಎಚ್.ಡಿ. ಕೋಟೆ ಕಡೆಯ ಜೇನುಕುರುಬ ಆದಿವಾಸಿಗಳ ಹಾಡಿಯೊಂದರಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಕಲಿಸುತ್ತೇನೆ. ಕೂಲಿ ಮುಗಿಸಿ ಬಂದು ಕೂರುವ ಹೆಂಗಸರೇ ಜಾಸ್ತಿ. ಒಂದನೇ ಕ್ಲಾಸಿನ ಪುಸ್ತಕ ತೆರೆದರೆ ಅವರ ಮುಖ ಬಾಡುತ್ತದೆ. ಮೊಮ್ಮಕ್ಕಳ ಪಾಠ ತಮಗೇಕೆ ಅನ್ನಿಸುವುದು ಸಹಜ ಅಲ್ವಾ? ಬೇರೆ ದೇಶಗಳ ಆದಿವಾಸಿಗಳಿಗೆ ಕ್ರೈಸ್ತ ಮಿಷನರಿಗಳು ಹೇಗೆ ಓದು ಕಲಿಸಿದರು ಎಂದು ತಿಳಿಯುವ ಆಸೆಯಿಂದ ಬೆಂಗಳೂರಿಗೆ ಹೊರಟೆ.

ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದೆ. ಮೇಯೋ ಹಾಲ್ ಹತ್ತಿರ ಕಿಟ್ಟೆಲ್ ಪ್ರತಿಮೆ ಇದೆ. 1853ರಲ್ಲಿ ಬಾಸೆಲ್ ಮಿಷನ್ ಕೆಲಸಕ್ಕೆ ಬಂದ ಈ ಜರ್ಮನ್ ಪಾದ್ರಿ 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟರು. ಜನರ ಬಾಯಲ್ಲಿದ್ದ ಗಾದೆಗಳನ್ನೂ ಅದರಲ್ಲಿ ಸೇರಿಸಿದರು. ಕೈಮುಗಿದು ಆಟೋ ಹಿಡಿದೆ.

ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಶುರುವಾದದ್ದು. ಅಲ್ಲಿನ ಗ್ರಂಥಾಲಯದಲ್ಲಿ ಕೂತ ಮೇಲೆ ಊಟದ ನೆನಪೇ ಆಗಲಿಲ್ಲ. ಕೆನಡಾದ ಕ್ರೀ ಎಂಬ ಆದಿವಾಸಿ ಜನರ ಜೊತೆಗಿದ್ದ ಜೇಮ್ಸ್ ಇವಾನ್ಸ್ ಎಂಬ ಮಿಷನರಿ 1840ರಲ್ಲಿ ನಾರ್ವೇ ಹೌಸ್ ಎಂಬಲ್ಲಿ ಅವರ ಮಾತಿಗೊಂದು ಲಿಪಿ ತಂದರು. ಒಂದು ವ್ಯಂಜನಕ್ಕೆ ಒಂದು ಆಕಾರ. ಅದನ್ನೇ ತಿರುಗಿಸಿ ಬರೆದರೆ ಸ್ವರ ಬದಲಾಗುತ್ತದೆ. ನಮ್ಮ ಕಾಗುಣಿತ ಬಲ್ಲವರಿಗೆ ಇದು ತಟ್ಟನೆ ಹೊಳೆಯುತ್ತದೆ. ಟೀ ಪೆಟ್ಟಿಗೆಯ ಒಳಗಿನ ಸೀಸ ಕರಗಿಸಿ ಅಚ್ಚಿನ ಮೊಳೆ ಮಾಡಿದರು. ಭೂರ್ಜ ಮರದ ತೊಗಟೆಯೇ ಕಾಗದ. ಆಮೇಲೆ ಕ್ರೀ ಜನ ಒಬ್ಬರಿಂದೊಬ್ಬರು ಕಲಿಯುತ್ತಾ ಹೋದರು. ಮಿಷನರಿ ಕಾಲಿಡದ ಬೇಟೆಯ ಬಿಡಾರಗಳಿಗೂ ಲಿಪಿ ಮುಟ್ಟಿತು. ಅದು ತಮ್ಮ ಹಿರಿಯರಿಗೇ ಒಲಿದ ಲಿಪಿ ಎಂದು ಹೇಳುವ ಕ್ರೀ ಜನರೂ ಇದ್ದಾರೆ.

ಅದೇ ಕೆನಡಾದಲ್ಲಿ ಚರ್ಚುಗಳು ನಡೆಸಿದ ವಸತಿ ಶಾಲೆಗಳು ಆದಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ತಂದವು. ಮನೆಮಾತು ಆಡಿದರೆ ಶಿಕ್ಷೆ ಕೊಟ್ಟವು. ಇದನ್ನು ಮರೆತು ಮಿಷನರಿಗಳ ಅಕ್ಷರಸೇವೆಯನ್ನಷ್ಟೇ ಹೊಗಳಲು ನನ್ನಿಂದ ಆಗುವುದಿಲ್ಲ. ಅಕ್ಷರ ಕಲಿಸಲು ಹೋಗಿ ಮಾತು ಕಿತ್ತುಕೊಂಡರೆ ಅದು ಅನ್ಯಾಯವೇ.

ಫಿಲಿಪ್ಪೀನ್ಸಿನ ಲಾನಾವೋದಲ್ಲಿ ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್ ಮಾಡಿದ್ದು ನಮ್ಮ ಹಾಡಿಗೆ ಹತ್ತಿರ ಅನ್ನಿಸಿತು. 1930ರ ಹೊತ್ತಿಗೆ ಅಲ್ಲಿನ ಮಾರನಾವೋ ಮುಸ್ಲಿಮರಿಗೆ ಅವರದೇ ಮಾತಿನಲ್ಲಿ, ಅವರಿಗೆ ಗೊತ್ತಿದ್ದ ಪದಗಳ ಚಾರ್ಟ್ ಇಟ್ಟುಕೊಂಡು ಕಲಿಸಿದರು. ಅಮೆರಿಕದಿಂದ ಬರುತ್ತಿದ್ದ ಹಣ ಕಡಿಮೆಯಾಯಿತು. ಮೇಷ್ಟ್ರುಗಳಿಗೆ ಸಂಬಳ ಇಲ್ಲ. ಕಲಿತವರೆಲ್ಲ ಇನ್ನೊಬ್ಬರಿಗೆ ಕಲಿಸಲೇಬೇಕು ಎಂದು ಅಲ್ಲಿನ ಮುಖಂಡನೊಬ್ಬ ಪಟ್ಟು ಹಿಡಿದ. ‘ಒಬ್ಬರು ಒಬ್ಬರಿಗೆ ಕಲಿಸಿ’ ಎಂಬ ಕ್ರಮ ಬೆಳೆದದ್ದು ಹೀಗೆ. ದುಡ್ಡಿಲ್ಲದ ಕಷ್ಟದಲ್ಲೂ ನಿಲ್ಲದ ಈ ಕ್ರಮದ ಮೇಲೆ ನನಗೆ ತುಂಬಾ ನಂಬಿಕೆ ಬಂತು.

ಸಂಜೆ ಅವೆನ್ಯೂ ರಸ್ತೆಗೆ ಬಂದೆ. ಜನಜಂಗುಳಿಯ ಮಧ್ಯೆ ರೈಸ್ ಸ್ಮಾರಕ ಚರ್ಚು. 1837ರಲ್ಲಿ ಬೆಂಗಳೂರಿಗೆ ಬಂದ ಮಿಷನರಿ ಬೆಂಜಮಿನ್ ರೈಸ್ ಅವರ ಹೆಸರಿನದು. ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಇವರ ಮಗ. ಅಂಗಳದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಮಾತಿಗೆ ಸಿಕ್ಕರು. ಮದುವೆಯಾದ ಮೇಲೆ ಓದು ಕಲಿತವರು.

“ಯಾವ ಪುಸ್ತಕದಿಂದ ಕಲಿತ್ರಿ ಅಜ್ಜಿ?”

“ಹಾಡಿನ ಪುಸ್ತಕದಿಂದ ಕಣಮ್ಮ. ಹಾಡೆಲ್ಲಾ ಬಾಯಿಗೆ ಬರ್ತಿತ್ತು. ಹಾಡ್ತಾ ಹಾಡ್ತಾ ಬೆರಳಿಟ್ಟು ನೋಡ್ದೆ. ಅಕ್ಷರ ತಾನಾಗೇ ಗುರುತು ಸಿಕ್ತು.”

ಇಡೀ ದಿನ ಓದಿದ್ದಕ್ಕಿಂತ ಈ ಮಾತು ಜಾಸ್ತಿ ಕೆಲಸಕ್ಕೆ ಬರುತ್ತದೆ. ನಮ್ಮ ಹಾಡಿಯವರಿಗೆ ಹಾಡುಗಳಿಗೇನು ಬರವೇ? ಜೇನು ಕೀಳುವಾಗ, ಹಬ್ಬದಲ್ಲಿ, ಮದುವೆಯಲ್ಲಿ ಹಾಡುತ್ತಲೇ ಇರುತ್ತಾರೆ. ಅಲ್ಲೇ ಅಂಗಡಿಯಲ್ಲಿ ದಪ್ಪ ಚಾರ್ಟ್ ಹಾಳೆ, ಸ್ಕೆಚ್ ಪೆನ್ ಕೊಂಡೆ. ಅವರು ಒಪ್ಪಿದರೆ ಅವರದೇ ಹಾಡನ್ನು, ಅವರು ಆಡುವ ಹಾಗೇ, ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆಯಬೇಕು. ಮೊದಲು ಓದಿದವರು ಆ ಹಾಳೆ ಹಿಡಿದು ಪಕ್ಕದ ಮನೆಗೆ ಹೋಗಿ ಕಲಿಸಬೇಕು.