ಆಗಸ್ಟ್ 22, 2025: ಫೋನಿನಲ್ಲಿ ಒಂದು ಮಗು

ಶುಕ್ರವಾರ, ರಾತ್ರಿ

ಫ್ಯಾಮಿಲಿ ಕೋರ್ಟ್ ಇರುವ ನ್ಯಾಯ ದೇಗುಲದಿಂದ ಆಫೀಸಿಗೆ ಬರುವಷ್ಟರಲ್ಲಿ ಅವರು ಬಂದು ಕೂತಿದ್ದರು. ಕೈಯಲ್ಲಿ ಫೋನ್. "ಮೇಡಂ, ಈ ಸಲ ಗಟ್ಟಿ ಎವಿಡೆನ್ಸ್ ಸಿಕ್ಕಿದೆ" ಎಂದರು. ಯಾರೆಂದು ಗೊತ್ತಾಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮಗುವಿನ ಕಸ್ಟಡಿ ಕೇಸು, ನನ್ನ ಕಕ್ಷಿದಾರ ಅಪ್ಪ. ಮಗುವಿಗೆ ಏಳು ವರ್ಷ.

ಹಾಕಿ ಎಂದೆ.

"ಅಮ್ಮ ನಿನ್ನನ್ನ ಹೊಡೀತಾಳಾ?" ಎಂದು ಇವರ ದನಿ. ಮಗು ಮಾತಾಡಲಿಲ್ಲ. "ಹೇಳು ಪುಟ್ಟ, ಹೊಡೀತಾಳಲ್ವಾ?" ಆಗಲೂ ಇಲ್ಲ. ಮತ್ತೆ ಕೇಳಿದಾಗ ಸಣ್ಣಗೆ "ಹೂಂ" ಅಂದಿತು. "ಜೋರಾಗಿ ಹೇಳು." "ಹೂಂ, ಹೊಡೀತಾಳೆ." ಅಮ್ಮ ಆಫೀಸಿಗೆ ಹೋದಾಗ ಮನೇಲಿ ಯಾರಿರ್ತಾರೆ, ರಾತ್ರಿ ಊಟಕ್ಕೆ ಏನು ಕೊಡ್ತಾಳೆ, ಹೀಗೆ ಇನ್ನೂ ಒಂದಷ್ಟು ಪ್ರಶ್ನೆ. ಕೊನೆಗೆ ಮಗು ಕೇಳಿತು: "ಅಪ್ಪಾ, ಈಗ ಸರಿಯಾಗಿ ಹೇಳ್ದೆನಾ?"

ಅವರು ತಟ್ಟನೆ ನಿಲ್ಲಿಸಿದರು. ಆಮೇಲೆ, "ಕೊನೇದನ್ನ ಕಟ್ ಮಾಡಬಹುದಲ್ವಾ ಮೇಡಂ?"

ಕಟ್ ಮಾಡೋಕಾಗಲ್ಲ ಅಂದೆ. ಮೊದಲು ಬಾಯಿಗೆ ಬಂದದ್ದು ಕಾನೂನು. ಹೋದ ವರ್ಷ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆಗೆ ಮೊದಲು ಹಳೆಯ ಕಾಯ್ದೆಯ ಸೆಕ್ಷನ್ 65ಬಿ ಇತ್ತಲ್ಲ, ಆ ಜಾಗದಲ್ಲಿ ಈಗ ಸೆಕ್ಷನ್ 63. ಸರ್ಟಿಫಿಕೇಟ್ ಎರಡು ಭಾಗ. ಒಂದನ್ನು ಕೊಡುವವರು ತುಂಬಬೇಕು, ಇನ್ನೊಂದನ್ನು ಪರಿಣತರು. ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ಅದರಲ್ಲಿ ಬರೆಯಬೇಕು. ಆಡಿಯೋದಲ್ಲಿ ಒಂದು ಸೆಕೆಂಡು ಕತ್ತರಿಸಿದರೂ ಆ ಸಂಖ್ಯೆ ಬೇರೆಯಾಗುತ್ತದೆ. ಮೂಲ ಫೋನ್ ತನ್ನಿ ಎಂದು ಎದುರಿನವರು ಕೇಳಿದರೆ ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ತಲೆಯಾಡಿಸಿದರು. "ಹಾಗಾದ್ರೆ ಪೂರ್ತಿನೇ ಹಾಕೋಣ. ಸುಪ್ರೀಂ ಕೋರ್ಟೇ ನಡೆಯುತ್ತೆ ಅಂದಿದೆಯಲ್ಲ?"

ಹೋದ ತಿಂಗಳಿನಿಂದ ಎಲ್ಲರ ಬಾಯಲ್ಲೂ ಇದೇ. ಜುಲೈ 14ರಂದು ವಿಭೋರ್ ಗರ್ಗ್ ಕೇಸಿನ ತೀರ್ಪು ಬಂತು. ಪಂಜಾಬಿನ ಬಠಿಂಡಾದ ಕೇಸು. ಹೆಂಡತಿಯ ಜೊತೆ ಫೋನಿನಲ್ಲಿ ಆಡಿದ ಮಾತುಗಳನ್ನು ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದ. ಫ್ಯಾಮಿಲಿ ಕೋರ್ಟ್ ಅದನ್ನು ತೆಗೆದುಕೊಂಡಿತು, 2021ರಲ್ಲಿ ಹೈಕೋರ್ಟ್ ಬೇಡ ಎಂದಿತು, ಸುಪ್ರೀಂ ಕೋರ್ಟ್ ತೆಗೆದುಕೊಳ್ಳಬಹುದು ಎಂದಿತು. ಆ ಪೀಠದಲ್ಲಿ ನಮ್ಮ ಕಡೆಯ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಅದಕ್ಕೆ ಬಾರ್ ರೂಮಿನಲ್ಲಿ ಇದರ ಮಾತು ಇನ್ನೂ ಜಾಸ್ತಿ. ಗಂಡ ಹೆಂಡತಿ ನಡುವಿನ ಮಾತನ್ನು ಹೊರಗೆ ಹಾಕಬಾರದು ಎಂದು ಹಳೆಯ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತಿತ್ತು. ಆದರೆ ಅವರಿಬ್ಬರ ನಡುವೆಯೇ ವ್ಯಾಜ್ಯ ಇದ್ದಾಗ ಆ ತಡೆ ಇಲ್ಲ ಎಂದೂ ಅದರಲ್ಲೇ ಇತ್ತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ್ದ ಕೇಸಿನಲ್ಲಿ 2017ರಲ್ಲಿ ಬಂದ ಖಾಸಗಿತನದ ತೀರ್ಪು ಇದಕ್ಕೆ ಅಡ್ಡ ಬರುವುದಿಲ್ಲ ಎಂದರು. ಒಬ್ಬರ ಮೇಲೊಬ್ಬರು ಕಣ್ಣಿಡುತ್ತಿದ್ದಾರೆ ಅಂದರೆ ಆ ಸಂಸಾರ ಮೊದಲೇ ಕೆಟ್ಟಿದೆ, ರೆಕಾರ್ಡಿಂಗಿನಿಂದ ಕೆಡುವುದಲ್ಲ ಎನ್ನುವುದು ಕೋರ್ಟಿನ ಮಾತು.

ನಾನು ಆ ತೀರ್ಪಿನ ಪರವೇ. ಬಾಗಿಲು ಹಾಕಿಕೊಂಡು ನಡೆಯುವ ಹಿಂಸೆಗೆ ಬೇರೆ ಸಾಕ್ಷಿ ಎಲ್ಲಿಂದ ತರೋದು? ಹೊರಗಿನವರ ಎದುರು ದೇವರಂತಿದ್ದು ಒಳಗೆ ಬಾಯಿಗೆ ಬಂದದ್ದು ಬೈಯುವವರನ್ನು ಪಾಟೀಸವಾಲು ಮಾಡಿ ಸುಸ್ತಾಗಿದ್ದೇನೆ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವಿಷಯ ತೀರ್ಮಾನಿಸಲು ಸಹಾಯವಾಗುತ್ತದೆ ಅನಿಸಿದರೆ ಜಡ್ಜ್ ಯಾವ ದಾಖಲೆಯನ್ನಾದರೂ ನೋಡಬಹುದು. ಇವತ್ತಿನ ಆಡಿಯೋ ಕೊಟ್ಟರೂ ನೋಡಬಹುದು. ತಡೆಯುವ ಸೆಕ್ಷನ್ ಯಾವುದೂ ನೆನಪಿಗೆ ಬರಲಿಲ್ಲ.

ಆದರೆ ಆ ತೀರ್ಪು ಇಬ್ಬರು ದೊಡ್ಡವರ ಮಾತಿನ ಬಗ್ಗೆ. ಈ ಮಗು ಯಾರ ಗಂಡನೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಕೇಸಿನಲ್ಲಿ ಪಾರ್ಟಿಯೂ ಅಲ್ಲ.

"ನಾನು ಇದನ್ನು ಹಾಕಲ್ಲ" ಎಂದೆ. ಅವರ ಮುಖ ಕೆಂಪಾಯಿತು. "ನೀವು ನನ್ನ ಲಾಯರೋ, ಅವಳ ಲಾಯರೋ?" ನನಗೆ ಕೋಪ ಬರಲಿಲ್ಲ. ಎರಡು ವಾರಕ್ಕೊಂದು ಶನಿವಾರ ಮಗುವನ್ನು ನೋಡಬಹುದು ಅಂತ ಆರ್ಡರ್ ಇದೆ. ಒಂದು ಸಲ ಜ್ವರ, ಒಂದು ಸಲ ಟ್ಯೂಷನ್, ಒಂದು ಸಲ ಫೋನೇ ಎತ್ತಲಿಲ್ಲ. ಕೋರ್ಟಿನ ಮಕ್ಕಳ ಕೋಣೆಯಲ್ಲಿ ಆಟದ ಸಾಮಾನು ಹಿಡಿದುಕೊಂಡು ಕಾದು ಕಾದು ವಾಪಸ್ ಹೋದ ಮನುಷ್ಯ. ಮಗುವನ್ನು ತೋರಿಸುತ್ತಿಲ್ಲ ಎಂದು ಅರ್ಜಿ ಹಾಕಿದೆವು, ಆಕ್ಷೇಪಣೆಗೆ ಮುದ್ದತು, ಮತ್ತೆ ಮುದ್ದತು. ನಾವು ಕೇಳಿಸಿಕೊಳ್ಳದಿದ್ದಾಗ ಅವರು ಫೋನ್ ಆನ್ ಮಾಡಿದರು. ಅದು ನನಗೆ ಅರ್ಥವಾಗುತ್ತದೆ.

ಅಷ್ಟಾದರೂ ಆ ದನಿ. ಹೋಮ್‌ವರ್ಕ್ ತೋರಿಸುವ ಹಾಗೆ ಕೇಳಿತಲ್ಲ, ಸರಿಯಾಗಿ ಹೇಳ್ದೆನಾ ಅಂತ.

ಬಹಳ ಹೊತ್ತು ಮಾತಾಡಿದೆವು. "ಹೊಡೀತಾಳೆ ಅನ್ನೋದು ನಿಜಾನಾ?" ಎಂದು ಕೇಳಿದೆ. ಮೈಮೇಲೆ ಏನಾದರೂ ಗುರುತು, ಸ್ಕೂಲಿನ ಟೀಚರ್ ಹೇಳಿದ್ದು, ಡಾಕ್ಟರ್ ಚೀಟಿ? ನಿಜವಾಗಿದ್ದರೆ ಇವತ್ತೇ ಮಕ್ಕಳ ಕಲ್ಯಾಣ ಸಮಿತಿಗೆ ಹೋಗೋಣ, ಆಡಿಯೋಗೆ ಕಾಯೋದೇ ಬೇಡ ಎಂದೆ. ಅವರು ನೆಲ ನೋಡಿದರು. "ಒಂದ್ಸಲ ಹೊಡೆದಿರಬಹುದು ಮೇಡಂ. ನಾನೂ ಹೊಡೆದಿದ್ದೀನಿ." ಆಮೇಲೆ ತಾವಾಗಿಯೇ, "ನನಗೆ ಹಬ್ಬಕ್ಕೆ ಮಗು ಬೇಕು, ಅಷ್ಟೇ."

ಅದೇ ಅಸಲು ವಿಷಯ! ಮುಂದಿನ ಬುಧವಾರ ಗಣೇಶನ ಹಬ್ಬ. ಹಬ್ಬ, ಬೇಸಿಗೆ ರಜೆ ಬಂದರೆ ಕಸ್ಟಡಿ ಕೇಸುಗಳಲ್ಲಿ ಐಎ (ಮಧ್ಯಂತರ ಅರ್ಜಿ) ಮೇಲೆ ಐಎ. ಕಡುಬು ಯಾರ ಮನೇಲಿ ತಿನ್ನಬೇಕು ಅನ್ನೋದನ್ನೂ ಜಡ್ಜ್ ಹೇಳಬೇಕು. ಹಿಂದಿನ ದಿನ ಗೌರಿ, ಅವತ್ತು ಅಮ್ಮನ ಹತ್ತಿರ ಇರಲಿ, ಬುಧವಾರ ಬೆಳಿಗ್ಗೆಯಿಂದ ಸಂಜೆವರೆಗೆ ಅಪ್ಪನ ಹತ್ತಿರ ಎಂದು ಜಂಟಿ ಮೆಮೊ ಹಾಕಿದರೆ ಸೋಮವಾರವೇ ಆಗುತ್ತದೆ. ಎದುರು ಕಡೆಯ ವಕೀಲರಿಗೆ ಅವರ ಎದುರಿಗೇ ಫೋನ್ ಮಾಡಿದೆ. ಒಳ್ಳೆಯ ಹೆಂಗಸು. "ಕೇಳಿ ಹೇಳ್ತೀನಿ, ಆದರೆ ನನ್ನ ಕ್ಲೈಂಟ್ ಕೂಡ ನಿನ್ನೆ ಏನೋ ಒಂದು ಆಡಿಯೋ ತಂದಿದ್ದಾಳೆ ಕಣ್ರೀ" ಎಂದರು.

ಅದು ಯಾರ ದನಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನನ್ನ ಅಮ್ಮ ಫೋನ್ ಮಾಡಿದ್ದಳು, ಬಾಗಿನಕ್ಕೆ ಮೊರ ತಂದೆಯಾ ಅಂತ. ನಾಳೆ ಗಾಂಧಿ ಬಜಾರಿಗೆ ಹೋಗಬೇಕು. ರಶ್ ಇರುತ್ತೆ.

ಊಟ ಆದ ಮೇಲೆ ಕೂತು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ತೆಗೆದೆ. ಸೆಕ್ಷನ್ 17(3): ತನ್ನ ಇಷ್ಟವನ್ನು ಬುದ್ಧಿಯಿಂದ ಹೇಳುವಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನೂ ಕೋರ್ಟ್ ಪರಿಗಣಿಸಬಹುದು. ಇದಕ್ಕೇ ಜಡ್ಜ್ ಮಕ್ಕಳನ್ನು ಛೇಂಬರಿಗೆ ಕರೆದು, ನಮ್ಮನ್ನು ಹೊರಗಿಟ್ಟು ಮಾತಾಡುತ್ತಾರೆ. ನಾನು ನಂಬಿಕೊಂಡಿರುವುದೇ ಆ ಮಾತುಕತೆಯನ್ನು. ಈ ಕೇಸಿನಲ್ಲೂ ಅದನ್ನೇ ಕೇಳಬೇಕೆಂದಿದ್ದೆ. ಆದರೆ ಎರಡೂ ಮನೆಯಲ್ಲಿ ಫೋನಿನ ಮುಂದೆ ಕೂತು ಅಭ್ಯಾಸವಾದ ಮಗು ಅಲ್ಲಿ ಹೋಗಿ ಹೇಳುವುದು ಯಾರ ಮಾತು? ಮೊದಲು ಕೌನ್ಸೆಲರ್ ಹತ್ತಿರ ಕಳಿಸಿ ಎಂದು ಕೇಳಬಹುದು. ಇಬ್ಬರೂ ಮಗುವನ್ನು ರೆಕಾರ್ಡ್ ಮಾಡಬಾರದು ಎಂಬ ಷರತ್ತನ್ನು ಮೆಮೊದಲ್ಲೇ ಸೇರಿಸಬಹುದು. ಎದುರಿನವರು ಒಪ್ಪಿದರೆ. ಇವರು ಸಹಿ ಹಾಕಿದರೆ. ಆ ಷರತ್ತನ್ನು ಹೇಗೆ ಬರೆಯೋದು, "ಯಾವುದೇ ರೀತಿಯಲ್ಲಿ" ಅಂದರೆ ಹುಟ್ಟುಹಬ್ಬದ ವಿಡಿಯೋ ಕೂಡ ನಿಂತುಹೋಗುತ್ತದೆ, "ಕೇಸಿಗೆ ಸಂಬಂಧಿಸಿದಂತೆ" ಅಂದರೆ