ಶಾಲೆಗೊಂದು ಎಐ ನಿಯಮ ಬರೆಯುವಾಗ

ಪ್ರೌಢಶಾಲೆಗಳಲ್ಲಿ ಜನರೇಟಿವ್ ಎಐ (ಕೇಳಿದ್ದಕ್ಕೆ ತಾನೇ ಬರಹ, ಚಿತ್ರ ರಚಿಸಿಕೊಡುವ ಕೃತಕ ಬುದ್ಧಿಮತ್ತೆ) ಬಳಕೆಗೆ ನಿಯಮ ಬೇಕು ಎಂಬ ಮಾತು ಈಗ ಶಿಕ್ಷಕರ ಸಭೆಗಳಲ್ಲಿಯೂ ಪೋಷಕರ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ನಾನು ನೋಡಿದ ಕರಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ: ಮಕ್ಕಳಿಗೆ ಇದನ್ನು ಬಳಸಲು ಬಿಡಬೇಕೇ, ಬೇಡವೇ? ಪ್ರಶ್ನೆಯನ್ನು ಹೀಗೆ ಇಟ್ಟುಕೊಂಡರೆ ನಿಯಮ ಕೆಲಸಕ್ಕೆ ಬರುವುದಿಲ್ಲ. ಯಾವ ಚಟುವಟಿಕೆಯಿಂದ ಮಗು ಏನನ್ನು ಕಲಿಯಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಆ ಕಲಿಕೆಗೆ ಎಐ ಅಡ್ಡಿಯೋ ನೆರವೋ ಎಂದು ಚಟುವಟಿಕೆವಾರು ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾರಾಸಗಟು ನಿಷೇಧದ ಪ್ರಯೋಗ ಈಗಾಗಲೇ ನಡೆದುಹೋಗಿದೆ. ಚಾಟ್‌ಜಿಪಿಟಿ ಎಂಬ, ಓಪನ್‌ಎಐ ಸಂಸ್ಥೆಯ ಎಐ ತಂತ್ರಾಂಶ 2022ರ ನವೆಂಬರ್ 30ರಂದು ಬಿಡುಗಡೆಯಾಯಿತು. 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಇಲಾಖೆ ತನ್ನ ಶಾಲೆಗಳ ಸಾಧನಗಳಲ್ಲಿ ಮತ್ತು ಜಾಲದಲ್ಲಿ ಅದನ್ನು ತಡೆಹಿಡಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಶಾಲೆಯ ವೈಫೈಗೆ ಹಾಕಿದ ಬೀಗ ಮನೆಯ ಮೊಬೈಲ್‌ಗೆ ತಾಗುವುದಿಲ್ಲ. ನಮ್ಮಲ್ಲಂತೂ ಬಹುತೇಕ ಮಕ್ಕಳ ಕೈಗೆ ಫೋನ್ ಸಿಗುವುದೇ ಸಂಜೆ, ತಂದೆಯೋ ತಾಯಿಯೋ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ.

ಇನ್ನು ಕೆಲವರು ಎಐ ಬರೆದದ್ದನ್ನು ಪತ್ತೆ ಹಚ್ಚುವ ತಂತ್ರಾಂಶವನ್ನು ನಂಬಿ ನಿಯಮ ಬರೆಯಲು ಹೊರಡುತ್ತಾರೆ. ಓಪನ್‌ಎಐ ಸಂಸ್ಥೆಯೇ ಅಂಥದ್ದೊಂದನ್ನು ಹೊರತಂದು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ನಿಲ್ಲಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಹಲವು ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಕನ್ನಡ ಮಾಧ್ಯಮದಲ್ಲಿ ಓದಿ, ಸರಳ ಇಂಗ್ಲಿಷ್ ವಾಕ್ಯಗಳನ್ನು ಕಷ್ಟಪಟ್ಟು ಜೋಡಿಸಿ ಬರೆಯುವ ನಮ್ಮ ಮಗುವಿನ ಮೇಲೆ ಇಂಥ ಯಂತ್ರದ ಮಾತು ಕೇಳಿ ಕಳ್ಳತನದ ಆರೋಪ ಹೊರಿಸುವುದು ಕ್ರೌರ್ಯವೇ ಸರಿ. ಅನುಮಾನ ಬಂದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರೆದದ್ದರ ಬಗ್ಗೆ ಎರಡು ಪ್ರಶ್ನೆ ಕೇಳಬೇಕು ಎಂದಷ್ಟೇ ನಿಯಮದಲ್ಲಿರಲಿ.

ಒಂಬತ್ತನೇ ತರಗತಿಗೆ ಕೊಡುವ ‘ನಮ್ಮೂರಿನ ಕೆರೆ’ ಎಂಬ ಪ್ರಾಜೆಕ್ಟನ್ನೇ ತೆಗೆದುಕೊಳ್ಳೋಣ. ಎಐ ಬರೆದುಕೊಟ್ಟ ಉತ್ತರದಲ್ಲಿ ಕೆರೆಗಳು ಅಂತರ್ಜಲ ಹೆಚ್ಚಿಸುತ್ತವೆ, ಜೀವವೈವಿಧ್ಯ ಕಾಪಾಡುತ್ತವೆ, ಅವುಗಳ ಸಂರಕ್ಷಣೆ ನಮ್ಮೆಲ್ಲರ ಹೊಣೆ ಎಂಬ ಮಾತುಗಳಿರುತ್ತವೆ, ತಪ್ಪೇನೂ ಇರುವುದಿಲ್ಲ. ಆದರೆ ಆ ಊರಿನ ಕೆರೆಗೆ ಎಷ್ಟು ತೂಬುಗಳಿವೆ, ಕೋಡಿ ಬಿದ್ದ ನೀರು ಯಾವ ಹಳ್ಳ ಸೇರುತ್ತದೆ, ಕೊನೆಯ ಸಲ ಹೂಳು ತೆಗೆದದ್ದು ಯಾವಾಗ ಎಂಬ ಒಂದು ಸಾಲೂ ಅಲ್ಲಿರುವುದಿಲ್ಲ. ಪ್ರಾಜೆಕ್ಟಿನ ಉದ್ದೇಶ ಮಗು ಏರಿಯ ಮೇಲೆ ನಡೆದು ನೋಡಿ ಬರೆಯುವುದಾದರೆ, ಆ ಭಾಗಕ್ಕೆ ಎಐ ಬೇಡ ಎಂದು ಸ್ಪಷ್ಟವಾಗಿ ಬರೆಯಬೇಕು. ಹಾಗೆ ಕಲೆಹಾಕಿದ ಮಾಹಿತಿಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬಹುದು ಎಂದು ಎಐಯನ್ನು ಕೇಳಿ ತಿಳಿಯಲು ಅವಕಾಶವಿರಲಿ. ಏನು ಕೇಳಿದೆ, ಬಂದದ್ದರಲ್ಲಿ ಏನನ್ನು ಬದಲಿಸಿದೆ ಎಂಬುದನ್ನು ಪುಸ್ತಕದ ಕೊನೆಯ ಪುಟದಲ್ಲಿ ಮಗುವೇ ಬರೆಯಲಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಅಂಕಗಳು ಶಾಲೆಯಲ್ಲೇ ಕೊಡುವ ಆಂತರಿಕ ಅಂಕಗಳಾಗಿರುವುದರಿಂದ ಇದನ್ನು ಹತ್ತನೇ ತರಗತಿಗೆ ಮುಂಚೆಯೇ ರೂಢಿಸುವುದು ಒಳ್ಳೆಯದು.

ನಿಯಮ ಮಕ್ಕಳಿಗೆ ಮಾತ್ರವಲ್ಲ, ಶಿಕ್ಷಕರಾದ ನಮಗೂ ಅನ್ವಯಿಸಬೇಕು. ತರಗತಿಯ ಅಂಕಪಟ್ಟಿಯನ್ನು ಹೆಸರುಗಳ ಸಮೇತ ಎಐಗೆ ಕೊಟ್ಟು ವಿಶ್ಲೇಷಿಸಿಕೊಡು ಎಂದು ಕೇಳುವ ಶಿಕ್ಷಕರಿದ್ದಾರೆ; ಕೆಲಸದ ಹೊರೆ ಎಷ್ಟೆಂದು ಬಲ್ಲೆ, ಆದರೂ ಇದು ಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಯಾರದೋ ಮಗುವಿನ ಹೆಸರು, ಅಂಕ, ಆರೋಗ್ಯ, ಮನೆಯ ಪರಿಸ್ಥಿತಿ ಹೊರಗಿನ ಕಂಪನಿಯೊಂದರ ಸರ್ವರ್‌ಗೆ ಹೋಗುವ ಮುನ್ನ ಆ ಮನೆಯವರಿಗೆ ತಿಳಿದಿರಬೇಕು. ವಯಸ್ಸಿನ ವಿಷಯದಲ್ಲಿ ಯುನೆಸ್ಕೊ 2023ರ ಸೆಪ್ಟೆಂಬರ್‌ನ ತನ್ನ ಮಾರ್ಗದರ್ಶಿಯಲ್ಲಿ 13ನ್ನು ಕನಿಷ್ಠ ಮಿತಿಯಾಗಿ ಸೂಚಿಸಿದೆ. ಹಾಗಾಗಿ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಶಿಕ್ಷಕರು ಪರದೆಯ ಮೇಲೆ ತೋರಿಸಿ ಚರ್ಚಿಸಬಹುದೇ ಹೊರತು ಮಕ್ಕಳಿಗೆ ಖಾತೆ ತೆರೆಸಬಾರದು.

ಫೋನ್ ಇಲ್ಲದ ಮನೆಯ ಮಗುವಿಗೆ ಅಂಕ ಕಡಿಮೆಯಾಗುವಂತಹ ಮನೆಗೆಲಸವನ್ನು ಯಾವ ಕಾರಣಕ್ಕೂ ಕೊಡಬಾರದು. ಎಐ ಬೇಕೇ ಬೇಕೆನ್ನುವ ಚಟುವಟಿಕೆ ಶಾಲೆಯಲ್ಲೇ ಮುಗಿಯಬೇಕು.

ಕರಡು ಸರಳ ಕನ್ನಡದಲ್ಲಿ ಒಂದೆರಡು ಪುಟಕ್ಕೆ ಮೀರದಿರಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಆಸ್ಟ್ರೇಲಿಯಾದ ಶಾಲೆಗಳಿಗಾಗಿ 2023ರಲ್ಲಿ ರೂಪಿಸಿದ ಎಐ ಚೌಕಟ್ಟನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕೆಂದು ಅಲ್ಲಿಯೇ ಹೇಳಿಕೊಂಡಿದ್ದಾರೆ. ನಾವೂ ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾಗುವ ಮೊದಲ ವಾರದಲ್ಲೇ ಹಿಂದಿನ ವರ್ಷದ ನಿಯಮವನ್ನು ತೆಗೆದು ಓದಿ, ಪಾಲಿಸಲಾಗದೆ ಉಳಿದ ಸಾಲುಗಳನ್ನು ಹೊಡೆದುಹಾಕಬಹುದು.