ಕೂರ್ಮಗಡಕ್ಕೆ ಹೋಗುವ ಮುನ್ನ

ಕೂರ್ಮಗಡ ದ್ವೀಪಕ್ಕೆ ಕಾರವಾರದ ಕೋಡಿಬಾಗದಿಂದ ದೋಣಿ ಹಿಡಿಯುವುದಾದರೆ ಬೆಳಿಗ್ಗೆಯೇ ಹೊರಡಿ. ಮಧ್ಯಾಹ್ನ ಪಡುಗಾಳಿ ಎದ್ದಾಗ ಕಾಳಿ ನದಿಯ ಹರಿವು ಎದುರಲೆಗೆ ಬಡಿದು ಅಳಿವೆಯಲ್ಲಿ ದೋಣಿ ಹೊಯ್ದಾಡುತ್ತದೆ. ಲೈಫ್ ಜಾಕೆಟ್‌ನ ಬಕಲ್‌ಗಳನ್ನೆಲ್ಲ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಿರಿ. ಕಿವಿಯವರೆಗೆ ಬಂದರೆ ಸಡಿಲವಾಗಿದೆ, ನೀರಿಗೆ ಬಿದ್ದರೆ ಕಳಚಿಕೊಳ್ಳುತ್ತದೆ. ಜನ ತುಂಬಿದ ದೋಣಿ ಹತ್ತಲೇಬೇಡಿ. 2019ರ ಜನವರಿಯಲ್ಲಿ ಇಲ್ಲಿನ ಜಾತ್ರೆಯ ದೋಣಿ ಮುಳುಗಿ 16 ಜನ ತೀರಿಕೊಂಡರು.

ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ. ನಿಧಾನಕ್ಕೆ ನೋಡಬೇಕೆಂದರೆ ನನ್ನ ಕೇಳಿದರೆ ಬೇರೆ ದಿನವೇ ಮೇಲು. ಇಳಿತದ ಹೊತ್ತಲ್ಲಿ ಬಂಡೆಗಳ ಮೇಲೆ ಬರಿಗಾಲು ಬೇಡ. ಕಲ್ಲಿಗಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಸಾಕು, ಹವಾಯಿ ಚಪ್ಪಲಿ ಜಾರುತ್ತದೆ. ಹಾಗೇ ಅಂಜದೀಪ ದ್ವೀಪಕ್ಕೂ ಹೋಗೋಣವೆಂದು ದೋಣಿಯವರನ್ನು ಪೀಡಿಸಬೇಡಿ, ಅದು ನೌಕಾಪಡೆಯ ವಶದಲ್ಲಿದೆ.